ಒಂದೇ ರೆಸಿಪಿ, ಮೂರು ಬಿಯರ್

ಮೇ ತಿಂಗಳ ಮೊದಲ ಶನಿವಾರ ಬೆಳಗ್ಗೆ ಅಮೆರಿಕದ ಒರೆಗಾನ್ ರಾಜ್ಯದ ನಮ್ಮ ಪೋರ್ಟ್‌ಲ್ಯಾಂಡಿನ ಬೀದಿಗಳಲ್ಲಿ ಸುಮ್ನೆ ನಡೆದು ಹೋದರೆ ಒಂದೆರಡು ಗ್ಯಾರೇಜಿನಿಂದಾದರೂ ಹಾರ್ಲಿಕ್ಸ್ ಕಲಸಿದಂಥ ಘಮ ಬರುತ್ತದೆ. ಅದು ಬಾರ್ಲಿ ಮಾಲ್ಟ್ ಬಿಸಿನೀರಿನಲ್ಲಿ ನೆನೆಯುವ ವಾಸನೆ. ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಆ ದಿನಕ್ಕೆ 'ಬಿಗ್ ಬ್ರೂ' ಎಂದು ಹೆಸರಿಟ್ಟಿದೆ. ಮನೆಯಲ್ಲಿ ಬಿಯರ್ ಮಾಡುವವರು ಅವತ್ತು ಎಲ್ಲ ಕಡೆ ಒಟ್ಟಿಗೆ ಒಲೆ ಹಚ್ಚುತ್ತಾರೆ.

ಈ ಸಲ ನಾವು ಮೂವರು ಸೇರಿ ಒಂದು ಆಟ ಆಡಿದೆವು. ನಾನು, ಧಾರವಾಡದ ನನ್ನ ಗೆಳೆಯ, ಮತ್ತು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಮೇಷ್ಟ್ರು ಇಲ್ಲಿಯವರೇ. ಒಂದೇ ಅಂಗಡಿಯಿಂದ ಒಂದೇ ಮಾಲ್ಟ್, ಒಂದೇ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಒಣಗಿದ ಹೂವು), ಒಂದೇ ಯೀಸ್ಟ್ ತಂದು ಹಂಚಿಕೊಂಡೆವು. ಅವರವರ ಮನೆಯಲ್ಲಿ ಮಾಡುವುದು, ಆರು ವಾರ ಬಿಟ್ಟು ಒಟ್ಟಿಗೆ ಕೂತು ಕುಡಿದು ನೋಡುವುದು. ಕೊನೆಗೆ ಬಂದದ್ದು ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಬಿಯರ್. ಒಂದು ಬಹಳ ಚೆನ್ನಾಗಿತ್ತು. ಒಂದು ಪಾನಕದ ಹಾಗಿತ್ತು. ಇನ್ನೊಂದನ್ನು ಸಿಂಕಿಗೆ ಸುರಿದೆವು. ಪಾನಕದಂಥದ್ದು ನನ್ನದು.

ಮಾಡುವ ಕ್ರಮಕ್ಕೆ ಮೊದಲು ಕಾನೂನಿನ ಮಾತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಇಲ್ಲಿ ಮನೆಬಳಕೆಗೆ ಬಿಯರ್ ಮಾಡಲು ಕೇಂದ್ರದ ಅಡ್ಡಿ ಹೋಯಿತು. ಒಬ್ಬ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇರುವ ಮನೆಗೆ 200 ಗ್ಯಾಲನ್. ಮಾರುವಂತಿಲ್ಲ. ಆದರೂ ಎಲ್ಲ ರಾಜ್ಯಗಳೂ ಒಪ್ಪಲು 35 ವರ್ಷ ಹಿಡಿಯಿತು. ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಕರ್ನಾಟಕದ ಕತೆ ಬೇರೆ. ಅಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ಮಾಡುವಂತಿಲ್ಲ. ಊರಿನಲ್ಲಿ ಕೂತು ಓದುತ್ತಿರುವವರು ಇದನ್ನು ತಿಳಿವಳಿಕೆಗೆ ಓದಿ. ಬೆಂಗಳೂರಿನ ಮೈಕ್ರೋಬ್ರೂವರಿಗೆ ಹೋದಾಗ ಗಾಜಿನಾಚೆಯ ಆ ದೊಡ್ಡ ಉಕ್ಕಿನ ಹಂಡೆಗಳಲ್ಲಿ ಏನು ನಡೆಯುತ್ತಿದೆ ಅಂತಾದರೂ ಗೊತ್ತಾಗುತ್ತದೆ.

ಬೇಕಾದದ್ದು (10 ಲೀಟರ್ ಪೇಲ್ ಏಲ್ ಎಂಬ ಬಗೆಯ ಬಿಯರಿಗೆ)

ಪುಡಿ ಮಾಡಿಸಿದ ಪೇಲ್ ಮಾಲ್ಟ್ 2.2 ಕೆ.ಜಿ.
ಕ್ರಿಸ್ಟಲ್-40 ಮಾಲ್ಟ್ 200 ಗ್ರಾಂ
ಕ್ಯಾಸ್ಕೇಡ್ ಹಾಪ್ಸ್ 70 ಗ್ರಾಂ
ಯುಎಸ್-05 ಒಣ ಯೀಸ್ಟ್, 11.5 ಗ್ರಾಂ ಪ್ಯಾಕೆಟ್ಟಿನಲ್ಲಿ ಅರ್ಧ
ನೀರು 16 ಲೀಟರ್
ಬಾಟಲಿಗೆ ತುಂಬುವ ದಿನಕ್ಕೆ ಸಕ್ಕರೆ 55 ಗ್ರಾಂ

ಪಾತ್ರೆಗಳ ವಿಷಯದಲ್ಲಿ ಅಂಗಡಿಯವರ ಮಾತು ಕೇಳಬೇಡಿ, ಮನೆ ಮಾರಿಕೊಳ್ಳಬೇಕಾಗುತ್ತದೆ. 24 ಲೀಟರಿನ ಒಂದು ಸ್ಟೀಲ್ ಪಾತ್ರೆ, ಅದರೊಳಗೆ ಕೂರುವ ಬಲೆಬಟ್ಟೆಯ ಚೀಲ, ಎರಡು ಪ್ಲಾಸ್ಟಿಕ್ ಬಕೆಟ್ (ಒಂದಕ್ಕೆ ಮುಚ್ಚಳ), ಬಿಯರ್ ಇಳಿಸಲು ಪೈಪು, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಣ್ಣ ನಳಿಕೆ), ಹೈಡ್ರೋಮೀಟರ್ (ಸಕ್ಕರೆ ಎಷ್ಟಿದೆ ಎಂದು ತೇಲಿ ತೋರಿಸುವ ಗಾಜಿನ ಕಡ್ಡಿ), ಥರ್ಮಾಮೀಟರ್, ಬಾಟಲಿಗೆ ಮುಚ್ಚಳ ಒತ್ತುವ ಯಂತ್ರ. ಅಷ್ಟು ಸಾಕು. ಚೀಲದಲ್ಲಿ ಮಾಲ್ಟ್ ನೆನೆಸುವ ಈ ಪದ್ಧತಿಯನ್ನು ರೂಢಿಗೆ ತಂದವರು ಆಸ್ಟ್ರೇಲಿಯಾದ ಮನೆಬ್ರೂವರ್‌ಗಳು. ಶ್ರೀಖಂಡಕ್ಕೆ ಮೊಸರು ಕಟ್ಟಿ ನೇತು ಹಾಕುವವರಿಗೆ ಇದು ಹೊಸದೇನಲ್ಲ.

ನೀರು

ಪೋರ್ಟ್‌ಲ್ಯಾಂಡಿನ ನೀರು ಬುಲ್ ರನ್ ಎಂಬ ಕಾಡಿನ ಜಲಾಶಯದಿಂದ ಬರುತ್ತದೆ. ತುಂಬ ಮೆದು ನೀರು, ಬಿಯರಿಗೆ ಒಳ್ಳೆಯದು. ಆದರೆ ಕ್ರಿಮಿ ಕೊಲ್ಲಲು ನಗರದವರು ಅದಕ್ಕೆ ಕ್ಲೋರಮೈನ್ ಹಾಕಿರುತ್ತಾರೆ. ಅದು ಬಿಯರಿಗೆ ಸೇರಿದರೆ ಬ್ಯಾಂಡೇಡ್ ಪಟ್ಟಿಯ ವಾಸನೆ ಬರುತ್ತದೆ. ಬರೀ ಕ್ಲೋರಿನ್ ಆದರೆ ಕುದಿಸಿದಾಗ ಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. 16 ಲೀಟರಿಗೆ ಕಾಲು ಕ್ಯಾಂಪ್ಡನ್ ಮಾತ್ರೆ (ಕ್ಲೋರಮೈನ್ ತೆಗೆಯುವ ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಹಾಕಿ ಕಲಕಿದರೆ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ನೆನೆಸುವುದು

ನೀರು 69.5 ಡಿಗ್ರಿ ಸೆಲ್ಸಿಯಸ್ ಆಗುವವರೆಗೆ ಕಾಯಿಸಿ. ಒಲೆ ಆರಿಸಿ, ಚೀಲ ಇಳಿಬಿಟ್ಟು, ಮಾಲ್ಟ್ ಪುಡಿಯನ್ನು ಅದರೊಳಗೆ ಸುರಿದು ಗಂಟಾಗದಂತೆ ಚೆನ್ನಾಗಿ ಕಲಕಿ. ತಣ್ಣಗಿನ ಧಾನ್ಯ ಸೇರಿದ ಮೇಲೆ ಶಾಖ 66ರ ಹತ್ತಿರ ಬಂದು ನಿಲ್ಲುತ್ತದೆ. ಮುಚ್ಚಳ ಹಾಕಿ, ದಪ್ಪ ಕಂಬಳಿ ಸುತ್ತಿ, ಒಂದು ಗಂಟೆ ಬಿಡಿ.

ಒಳಗೆ ಆಗುವುದೇನು? ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಮಗುವಿನ ಸರಿಹಿಟ್ಟಿಗೆ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುತ್ತೀವಲ್ಲ, ಅದೇ ಕೆಲಸ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಎನ್‌ಜೈಮ್‌ಗಳು ತಯಾರಾಗಿರುತ್ತವೆ. ಅವುಗಳಲ್ಲಿ ಇಬ್ಬರು ಮುಖ್ಯ ಕೆಲಸಗಾರರು. ಒಬ್ಬನಿಗೆ 60ರಿಂದ 65 ಡಿಗ್ರಿ ಹಿತ. ಅವನು ಯೀಸ್ಟ್ ಪೂರ್ತಿ ತಿನ್ನಬಲ್ಲ ಸಣ್ಣ ಸಕ್ಕರೆ ಮಾಡುತ್ತಾನೆ. ಇನ್ನೊಬ್ಬನಿಗೆ 70ರ ಆಸುಪಾಸು ಬೇಕು. ಅವನು ಪಿಷ್ಟವನ್ನು ಒರಟಾಗಿ ಕಡಿದು ಹಾಕುತ್ತಾನೆ, ಆ ತುಂಡುಗಳಲ್ಲಿ ಎಷ್ಟೋ ಯೀಸ್ಟಿಗೆ ಹಿಡಿಸುವುದಿಲ್ಲ, ಹಾಗೇ ಉಳಿಯುತ್ತವೆ. 66 ಎಂದರೆ ಇಬ್ಬರಿಗೂ ಒಪ್ಪಿಗೆಯಾಗುವ ಹದ.

ನಾನು ಎಡವಿದ್ದು ಇಲ್ಲೇ. ನನ್ನ ಥರ್ಮಾಮೀಟರ್ 4 ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಅದು 66 ಅಂದಾಗ ಪಾತ್ರೆಯಲ್ಲಿ 70 ಇತ್ತು. ಗೊತ್ತಾದದ್ದು ಎರಡು ವಾರದ ನಂತರ, ಬಿಯರ್ ಸಿಹಿಯಾಗಿಯೇ ಉಳಿದಾಗ. ಹಾಗಾಗಿ ಬ್ರೂ ಮಾಡುವ ಹಿಂದಿನ ದಿನ ಥರ್ಮಾಮೀಟರನ್ನು ಐಸ್ ತುಂಬಿದ ನೀರಿನಲ್ಲಿ ಅದ್ದಿ ನೋಡಿ. ಸೊನ್ನೆ ತೋರಿಸಬೇಕು. ಐದು ನಿಮಿಷದ ಕೆಲಸ. ನಾನು ಆರು ವರ್ಷದಿಂದ ಬ್ರೂ ಮಾಡುತ್ತಿದ್ದೇನೆ, ಒಂದು ಸಲವೂ ಮಾಡಿರಲಿಲ್ಲ.

ಗಂಟೆ ಕಳೆದ ಮೇಲೆ ಚೀಲ ಎತ್ತಿ, ಪಾತ್ರೆಯ ಮೇಲೆ ಜರಡಿ ಇಟ್ಟು ಅದರಲ್ಲಿ ಸೋರಲು ಬಿಡಿ. ದಪ್ಪ ಗ್ಲವ್ಸ್ ಹಾಕಿಕೊಂಡು ಹಿಂಡಿದರೂ ನಡೆಯುತ್ತದೆ. ಕೆಳಗೆ ಉಳಿದ ಸಿಹಿ ನೀರಿಗೆ 'ವರ್ಟ್' ಅನ್ನುತ್ತಾರೆ. ಹಿಂಡಿದ ಚರಟವನ್ನು ಬಿಸಾಡಬೇಡಿ. ನಮ್ಮ ಮನೆಯಲ್ಲಿ ಒಂದು ಹಿಡಿ ತಾಲಿಪಟ್ಟಿಗೆ ಸೇರಿಸುತ್ತೇವೆ. ಒಂದು ಹಿಡಿ ಮಾತ್ರ, ಜಾಸ್ತಿ ಆದರೆ ಹೊಟ್ಟು ಗಂಟಲಿಗೆ ಚುಚ್ಚುತ್ತದೆ.

ಕುದಿಸುವುದು

ವರ್ಟ್ ಕುದಿ ಬರುವ ಹೊತ್ತಿಗೆ ಒಲೆ ಬಿಟ್ಟು ಅಲ್ಲಾಡಬೇಡಿ. ಹಾಲಿನ ಹಾಗೆ ಉಕ್ಕುತ್ತದೆ, ಹಾಲಿಗಿಂತ ಅಂಟು. ನೊರೆ ಇಳಿದ ಮೇಲೆ 20 ಗ್ರಾಂ ಹಾಪ್ಸ್ ಹಾಕಿ, 60 ನಿಮಿಷ ಎಣಿಸಲು ಶುರು ಮಾಡಿ. ಮುಗಿಯಲು 15 ನಿಮಿಷ ಇರುವಾಗ 10 ಗ್ರಾಂ. ಒಲೆ ಆರಿಸಿದ ತಕ್ಷಣ 20 ಗ್ರಾಂ. ಮಿಕ್ಕ 20 ಗ್ರಾಂ ಫ್ರೀಜರಿನಲ್ಲಿ ಇರಲಿ, ಆಮೇಲೆ ಬೇಕು.

ಮೂರು ಕಂತು ಯಾಕೆ? ಕಹಿ ಬಿಡಬೇಕಾದರೆ ಹಾಪ್ಸ್ ಬಹಳ ಹೊತ್ತು ಕುದಿಯಬೇಕು. ಅಷ್ಟು ಕುದಿದರೆ ಘಮ ಹಾರಿಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವ ಮುಂಚೆ ಹಾಕುತ್ತೇವಲ್ಲ, ಅದೇ ಲೆಕ್ಕ. ಕ್ಯಾಸ್ಕೇಡ್ ತಳಿ ಇಲ್ಲಿಂದ ಒಂದೂವರೆ ಗಂಟೆ ದೂರದ ಕೊರ್ವಾಲಿಸ್‌ನಲ್ಲಿ ಹುಟ್ಟಿದ್ದು. ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ನಡೆಯುತ್ತಿದ್ದ ಸರ್ಕಾರಿ ತಳಿ ಸಂಶೋಧನೆಯ ಫಲ, 1970ರ ದಶಕದ ಶುರುವಿನಲ್ಲಿ ಬೆಳೆಗಾರರ ಕೈಗೆ ಬಂತು. ಚಕ್ಕೋತ ಸಿಪ್ಪೆಯನ್ನು ಉಗುರಿನಲ್ಲಿ ಗೀರಿದಾಗ ಬರುವ ವಾಸನೆ ಇದೆಯಲ್ಲ, ಹೆಚ್ಚುಕಮ್ಮಿ ಅದು.

ಮನೆಯಲ್ಲಿ ನಾಯಿ ಇದ್ದರೆ ಹಾಪ್ಸ್ ಚರಟ ಅದಕ್ಕೆ ಸಿಗದಂತೆ ನೋಡಿಕೊಳ್ಳಿ. ನಾಯಿಗೆ ಅದು ವಿಷ. ಮೈ ಕಾವೇರಿ ಸತ್ತೇ ಹೋಗಬಹುದು.

ಆರಿಸುವುದು, ಯೀಸ್ಟ್ ಹಾಕುವುದು

ಇಲ್ಲಿಯವರೆಗೆ ಕೊಳೆ ಇದ್ದರೂ ಕುದಿ ನೋಡಿಕೊಳ್ಳುತ್ತದೆ. ಇನ್ನು ಮುಂದೆ ಯಾರೂ ನೋಡಿಕೊಳ್ಳುವುದಿಲ್ಲ. ವರ್ಟ್ ಮುಟ್ಟುವ ಪ್ರತಿಯೊಂದೂ, ಬಕೆಟ್, ಮುಚ್ಚಳ, ಸೌಟು, ಕತ್ತರಿ, ಯೀಸ್ಟ್ ಪ್ಯಾಕೆಟ್ಟಿನ ಹೊರಮೈ ಕೂಡ, ಸ್ಯಾನಿಟೈಸರ್ ನೀರಿನಲ್ಲಿ ಎರಡು ನಿಮಿಷ ನೆನೆಯಬೇಕು. ನಾವು ಬಳಸುವುದು ಸ್ಟಾರ್ ಸ್ಯಾನ್, ಲೀಟರಿಗೆ ಒಂದೂವರೆ ಮಿ.ಲೀ. ನೊರೆ ಉಳಿದರೆ ತೊಳೆಯಬೇಕಿಲ್ಲ. ತೊಳೆದರೆ ನಲ್ಲಿಯ ಕ್ರಿಮಿಗಳನ್ನು ಮತ್ತೆ ಕರೆದ ಹಾಗಾಗುತ್ತದೆ.

ಪಾತ್ರೆಯನ್ನು ಸಿಂಕಿನಲ್ಲಿ ಐಸ್ ನೀರಿನೊಳಗೆ ಕೂರಿಸಿ ಅರ್ಧ ಗಂಟೆಯಲ್ಲಿ 20 ಡಿಗ್ರಿಗೆ ಇಳಿಸಿ. ಬಕೆಟ್ಟಿಗೆ ಎತ್ತರದಿಂದ ಸುರಿಯಿರಿ, ಗಾಳಿ ಸೇರಲಿ. ಒಂದು ಲೋಟ ತೆಗೆದು ಹೈಡ್ರೋಮೀಟರ್ ತೇಲಿಬಿಡಿ. ಬರೀ ನೀರಿನಲ್ಲಿ ಅದು 1.000 ತೋರಿಸುತ್ತದೆ, ಸಕ್ಕರೆ ಇದ್ದಷ್ಟೂ ಮೇಲೆ ತೇಲುತ್ತದೆ. ಮೇಷ್ಟ್ರಿಗೂ ಗೆಳೆಯನಿಗೂ 1.050 ಬಂತು, ನನಗೆ 1.048. ಆ ಲೋಟವನ್ನು ವಾಪಸ್ ಸುರಿಯಬೇಡಿ, ಕುಡಿದು ನೋಡಿ. ಹಾರ್ಲಿಕ್ಸಿಗೆ ಹಾಗಲಕಾಯಿ ಹಿಂಡಿದಂತಿರುತ್ತದೆ. ಆಮೇಲೆ ಯೀಸ್ಟ್ ಉದುರಿಸಿ, ಮುಚ್ಚಳ ಮುಚ್ಚಿ, ಏರ್‌ಲಾಕ್ ಸಿಕ್ಕಿಸಿ.

ಹುದುಗುವುದು

ರೆಸಿಪಿ ಪುಸ್ತಕಗಳು ಈ ಹಂತಕ್ಕೆ ಎರಡು ಸಾಲು ಕೊಡುತ್ತವೆ. ನನ್ನ ಪ್ರಕಾರ ಬಿಯರ್ ಆಗುವುದು ಇಲ್ಲಿ. ನಾವು ಒಲೆ ಮುಂದೆ ಬೆವರಿದ್ದು ಬರೀ ಸಕ್ಕರೆ ನೀರಿಗೆ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸುತ್ತಿದ್ದೆ. "ಇಡ್ಲಿ ಹಿಟ್ಟಿನ ಹಾಗೇ ಅಲ್ವಾ, ಚಳಿಗಾಲದಲ್ಲಿ ಬೆಚ್ಚಗೆ ಮುಚ್ಚಿಡು" ಅಂದರು. ಇಡ್ಲಿ ಹಿಟ್ಟಿಗೆ ಸರಿ. ಬಿಯರಿಗೆ ಉಲ್ಟಾ. ಈ ಯೀಸ್ಟಿಗೆ 18ರಿಂದ 20 ಡಿಗ್ರಿ ಬೇಕು. ಯೀಸ್ಟ್ ತಿನ್ನಲು ಶುರು ಮಾಡಿದರೆ ತಾನೇ ಶಾಖ ಬಿಡುತ್ತದೆ. ಕೋಣೆಯಲ್ಲಿ 20 ಇದ್ದರೆ ಬಕೆಟ್ಟಿನೊಳಗೆ 23, 24 ಆಗಿರುತ್ತದೆ. ಮೊದಲ ಮೂರು ದಿನ ಇದು ಜೋರು. ಶಾಖ ಹೆಚ್ಚಾದರೆ ಯೀಸ್ಟ್ ಅವಸರದಲ್ಲಿ ಓಡುತ್ತದೆ, ಬೇಡದ ಭಾರದ ಆಲ್ಕೋಹಾಲ್‌ಗಳನ್ನೂ ಹಣ್ಣು ಕೊಳೆತಂಥ ವಾಸನೆಗಳನ್ನೂ ಬಿಡುತ್ತದೆ. ಒಮ್ಮೆ ಬಂದರೆ ಅವು ಹೋಗುವುದಿಲ್ಲ.

ಗೆಳೆಯನ ಮನೆ ಮೂರನೇ ಮಹಡಿ, ಪಶ್ಚಿಮಕ್ಕೆ ಕಿಟಕಿ. ಆ ವಾರ ಸೆಕೆ ಇತ್ತು. ಅವನು ಬಕೆಟ್ಟನ್ನು ಹಾಲಿನ ಮೂಲೆಯಲ್ಲಿ ಇಟ್ಟು ಆಫೀಸಿಗೆ ಹೋಗಿದ್ದ. ಸಂಜೆ ಬಂದು ಫೋನ್ ಮಾಡಿದಾಗ ಖುಷಿಯೋ ಖುಷಿ: "ಏರ್‌ಲಾಕ್ ಬುಡುಬುಡು ಅಂತ ಹಾರ್ತೈತಲೇ, ನಿಮ್ದಕ್ಕಿಂತ ಮುಂದೈತಿ!" ಮುಂದೇನೋ ಇತ್ತು. ಬಕೆಟ್ಟಿಗೆ ಅಂಟಿಸಿದ ಥರ್ಮಾಮೀಟರ್ ಪಟ್ಟಿ 28 ಡಿಗ್ರಿ ತೋರಿಸುತ್ತಿತ್ತು.

ಮೇಷ್ಟ್ರ ಉಪಾಯಕ್ಕೆ ಖರ್ಚೇ ಇಲ್ಲ. ಅಗಲ ಟಬ್ಬಿನಲ್ಲಿ ಗೇಣುದ್ದ ನೀರು, ಅದರೊಳಗೆ ಬಕೆಟ್, ಬಕೆಟ್ಟಿಗೆ ಹಳೆಯ ಒದ್ದೆ ಟೀ ಶರ್ಟ್. ಶರ್ಟಿನ ಅಂಚು ನೀರಿನಲ್ಲಿ ಮುಳುಗಿರಬೇಕು. ಬೆಳಗ್ಗೆ ಒಂದು, ರಾತ್ರಿ ಒಂದು ಐಸ್ ಬಾಟಲಿ ಟಬ್ಬಿಗೆ. ನಮ್ಮ ಮಣ್ಣಿನ ಹೂಜಿ ನೀರು ತಣ್ಣಗಾಗುವ ಲೆಕ್ಕವೇ. ಅವರ ಬಿಯರ್ ಮೊದಲ ವಾರ ಪೂರ್ತಿ 19ರಲ್ಲಿತ್ತು. ದಿನಕ್ಕೆ ಎರಡು ಸಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ. ಅವರ ಹತ್ತಿರ ಅಂಥ ನೋಟ್‌ಬುಕ್ 11 ಇವೆ.

ಏಳೆಂಟು ದಿನಕ್ಕೆ ನೊರೆ ಇಳಿದ ಮೇಲೆ ಉಳಿದ 20 ಗ್ರಾಂ ಹಾಪ್ಸ್ ನೇರ ಬಕೆಟ್ಟಿಗೆ ಹಾಕಿ ಮುಚ್ಚಿಬಿಡಿ. ಅಲ್ಲಿಯವರೆಗೆ, ಅದಾದ ಮೇಲೂ, 'ಹೇಗಿದೆ ನೋಡೋಣ' ಅಂತ ಮುಚ್ಚಳ ತೆಗೆಯುತ್ತಾ ಇರಬೇಡಿ. ಗುಳ್ಳೆ ನಿಂತಿತು ಅಂದರೆ ಮುಗಿಯಿತು ಅಂತಲ್ಲ. ಎರಡು ದಿನ ಬಿಟ್ಟು ಎರಡು ಸಲ ಹೈಡ್ರೋಮೀಟರ್ ಹಾಕಿ. ಎರಡೂ ಸಲ ಒಂದೇ ಅಂಕಿ ಬಂದರೆ ಮುಗಿಯಿತು. ಮೇಷ್ಟ್ರದ್ದು 1.011ಕ್ಕೆ ನಿಂತಿತು. ಮೊದಲ ದಿನದ ಅಂಕಿಗೂ ಈ ಕೊನೆಯ ಅಂಕಿಗೂ ಇರುವ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲ್ ಶೇಕಡಾವಾರು ಸಿಗುತ್ತದೆ: 0.039 ಗುಣಿಸು 131, ಸುಮಾರು 5.1. ನನ್ನದು 1.018ರಲ್ಲೇ ಕೂತುಬಿಟ್ಟಿತು, 3.9.

ಬಾಟಲಿ

55 ಗ್ರಾಂ ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ಆರಿಸಿ, ತೊಳೆದು ಸ್ಯಾನಿಟೈಸ್ ಮಾಡಿದ ಇನ್ನೊಂದು ಬಕೆಟ್ಟಿಗೆ ಹಾಕಿ. ಅದರ ಮೇಲೆ ಬಿಯರನ್ನು ಪೈಪಿನಲ್ಲಿ ಇಳಿಸಿ. ತಳದ ಗಸಿ ಬರಬಾರದು, ಈ ಸಲ ಗಾಳಿಯೂ ಸೇರಬಾರದು. 355 ಮಿ.ಲೀ. ಬಾಟಲಿ 25 ತುಂಬುತ್ತವೆ. ಕಂದು ಬಾಟಲಿಯೇ ಬೇಕು. ಬಿಸಿಲು ಬಿದ್ದರೆ ಹಾಪ್ಸಿನ ಕಹಿ ಒಡೆದು ಸ್ಕಂಕ್ ಎಂಬ ಪ್ರಾಣಿಯ ನಾತ ಹೊಡೆಯುತ್ತದೆ. ಆಮೇಲೆ ಎರಡು ವಾರ 20 ಡಿಗ್ರಿಯಲ್ಲಿ, ಕತ್ತಲಲ್ಲಿ. ಉಳಿದ ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ತುಂಬಿಸುತ್ತದೆ.

ಸಕ್ಕರೆಯನ್ನು ತೂಕ ಮಾಡಿ ಹಾಕಿ, ಚಮಚದ ಅಂದಾಜು ಬೇಡ. ನನ್ನ ಮೊದಲ ಬ್ರೂನಲ್ಲಿ ಅವಸರಕ್ಕೆ ಹತ್ತನೇ ದಿನವೇ, ಅಳೆಯದೆ ತುಂಬಿದ್ದೆ. ಮೂರು ವಾರದ ನಂತರ ರಾತ್ರಿ ಎರಡು ಗಂಟೆಗೆ ಬೀರುವಿನೊಳಗೆ ಪಟಾಕಿ. ನಾಲ್ಕು ಬಾಟಲಿ ಒಡೆದಿದ್ದವು. ಬೀರುವಿನಲ್ಲಿ ಹೆಂಡತಿಯ ರೇಷ್ಮೆ ಸೀರೆಗಳಿದ್ದವು. ಆ ಕತೆ ಇಲ್ಲಿ ಬೇಡ.

ರುಚಿ

ಜೂನ್ ಮಧ್ಯದ ಭಾನುವಾರ ಮೇಷ್ಟ್ರ ಹಿತ್ತಲಲ್ಲಿ ಮೂರನ್ನೂ ತೆರೆದೆವು. ಅವರದ್ದು ಜೇನಿನ ಬಣ್ಣ, ಮೊದಲು ಚಕ್ಕೋತದ ಘಮ, ಹಿಂದೆ ತಿಳಿಯಾದ ಕಹಿ, ಗುಟುಕು ಮುಗಿಯುವಾಗ ನಾಲಿಗೆ ಒಣಗಿ ಇನ್ನೊಂದು ಗುಟುಕು ಕೇಳುತ್ತಿತ್ತು. ನನ್ನದರಲ್ಲಿ ಘಮ ಅದೇ, ಆದರೆ ಬಾಯಲ್ಲಿ ದಪ್ಪಗೆ, ಬೆಲ್ಲದ ಹಾಗೆ ನಿಲ್ಲುತ್ತಿತ್ತು. ಅರ್ಧ ಲೋಟ ಸಾಕೆನಿಸಿತು. ಗೆಳೆಯನ ಬಾಟಲಿಯ ಮುಚ್ಚಳ ತೆಗೆದಾಗ ಉಗುರು ಬಣ್ಣ ಅಳಿಸುವ ದ್ರಾವಣದ ವಾಸನೆ. ಒಂದು ಗುಟುಕಿಗೇ ಗಂಟಲು ಉರಿಯಿತು. ಅಂಕಿ ನೋಡಿದರೆ ಅವನದ್ದೂ ಮೇಷ್ಟ್ರದ್ದೂ ತದ್ರೂಪ: 1.050, 1.011. ಹೈಡ್ರೋಮೀಟರಿಗೆ ಮೂಗಿಲ್ಲ.

ಮೇಷ್ಟ್ರು ತಮ್ಮ ನೋಟ್‌ಬುಕ್ಕಿನ ಟೆಂಪರೇಚರ್ ಪುಟ ತೆಗೆದು ಅವನ ಮುಂದೆ ಇಟ್ಟರು, ಏನೂ ಹೇಳಲಿಲ್ಲ. ಅವನು ಕಳೆದ ಶನಿವಾರ ಅದೇ ರೆಸಿಪಿ ಮತ್ತೆ ಹಾಕಿದ್ದಾನೆ. ಅಷ್ಟು ಅಗಲದ ಟಬ್ಬು ಅವನಿಗೆ ಸಿಗಲಿಲ್ಲವಂತೆ. ಬಕೆಟ್ಟನ್ನು ಟೀ ಶರ್ಟ್ ತೊಡಿಸಿ ಬಾತ್‌ಟಬ್ಬಿನಲ್ಲೇ ಕೂರಿಸಿದ್ದಾನೆ. ಸ್ನಾನಕ್ಕೆ ಈ ವಾರ ನಮ್ಮ ಮನೆಗೆ ಬರುತ್ತಿದ್ದಾನೆ.