ಸೆಕೆಂಡ್ ಹ್ಯಾಂಡ್ ಸೈಕಲ್ ಫ್ರೇಮ್: ಮೊದಲು ಅಳತೆ, ಆಮೇಲೆ ಖರೀದಿ

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ದೂಳು ಹಿಡಿದು ಬಿದ್ದಿದ್ದ ಹಳೆಯ ರೇಸಿಂಗ್ ಸೈಕಲ್ಲಿನ ಸ್ಟೀಲ್ ಫ್ರೇಮ್ ಅಗ್ಗಕ್ಕೆ ಸಿಕ್ಕಿತು ಅಂದುಕೊಳ್ಳಿ. ಹೆಚ್ಚಿನವರು ಅದೇ ರಾತ್ರಿ ಫೋನ್ ತೆಗೆದು ಚಕ್ರ, ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಬ್ರೇಕು, ಸೀಟ್ ಪಿಲ್ಲರ್ ಎಲ್ಲ ಆರ್ಡರ್ ಮಾಡಿಬಿಡುತ್ತಾರೆ. ವಾರ ಕಳೆದು ಡಬ್ಬಿಗಳು ಬರುತ್ತವೆ. ಚಕ್ರ ಫ್ರೇಮಿನೊಳಗೆ ಹೋಗುವುದಿಲ್ಲ, ಪಿಲ್ಲರ್ ಅಲ್ಲಾಡುತ್ತದೆ, ಬ್ರೇಕ್ ರಬ್ಬರು ರಿಮ್ಮಿಗೆ ಮುಟ್ಟುವುದೇ ಇಲ್ಲ. ಆಗ ಸುತ್ತಿಗೆ ಹೊರಗೆ ಬರುತ್ತದೆ, ಫ್ರೇಮ್ ಗುಜರಿಗೆ ಹೋಗುತ್ತದೆ.

1970–80ರ ದಶಕದ ಫ್ರೇಮುಗಳಲ್ಲಿ ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಅಳತೆಗಳು ಬೇರೆ ಬೇರೆ ಇದ್ದವು. ಬಣ್ಣ, ಸ್ಟಿಕರ್ ನೋಡಿ ಇದು ಇಂಥದ್ದು ಎನ್ನಲಾಗದು. ಅಳೆಯಲೇಬೇಕು.

ಅಳತೆ

ಒಂದು ಸ್ಟೀಲಿನ ವರ್ನಿಯರ್ ಕ್ಯಾಲಿಪರ್ ಕೊಳ್ಳಿ. ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿವೆ. ಪ್ಲಾಸ್ಟಿಕ್ಕಿನದು ಬೇಡ, ಸ್ವಲ್ಪ ಒತ್ತಿದರೆ ಬಾಗಿ ಸುಳ್ಳು ಹೇಳುತ್ತದೆ. ಇಲ್ಲಿ 0.2 ಮಿ.ಮೀ. ಕೂಡ ಲೆಕ್ಕಕ್ಕೆ ಬರುತ್ತದೆ. ಅಳತೆಗಳನ್ನು ಬಿಳಿ ಟೇಪಿನ ಮೇಲೆ ಬರೆದು ಫ್ರೇಮಿನ ಮೇಲ್ಕೊಳವೆಗೆ ಅಂಟಿಸಿಬಿಡಿ. ಚೀಟಿ ಕಳೆದುಹೋಗುತ್ತದೆ, ಟೇಪು ಅಂಗಡಿಗೂ ಜೊತೆಗೇ ಬರುತ್ತದೆ.

ಬಿಬಿ: ಎಲ್ಲರೂ ಎಡವುವ ಜಾಗ

ಪೆಡಲ್ ತಿರುಗುವ ಅಚ್ಚು ಕೂರುವ ಅಡ್ಡ ಕೊಳವೆಯನ್ನು ಅಂಗಡಿಯವರು ಬಿಬಿ ಎನ್ನುತ್ತಾರೆ. ಇದು ಕೆಟ್ಟರೆ ಫ್ರೇಮೇ ಕೆಟ್ಟಂತೆ. ಹಾಗಾಗಿ ಇಲ್ಲಿ ಒಂದು ಭಾನುವಾರ ಪೂರ್ತಿ ಹೋದರೂ ಪರವಾಗಿಲ್ಲ.

ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಳಗಿನ ಥ್ರೆಡ್ ಕಾಣುವವರೆಗೆ ಉಜ್ಜಿ. ಹಳೆಯ ಕಪ್ (ಅಚ್ಚನ್ನು ಹಿಡಿದಿಡಲು ಕೊಳವೆಯ ಎರಡೂ ಬಾಯಿಗೆ ತಿರುಗಿಸಿ ಕೂರಿಸುವ ಬಳೆ) ಇನ್ನೂ ಒಳಗಿದ್ದರೆ ಅದರ ಮುಖದ ಮೇಲೆ ಟಾರ್ಚ್ ಬಿಟ್ಟು ನೋಡಿ. 1.37x24 ಎಂದು ಕೆತ್ತಿದ್ದರೆ ಇಂಗ್ಲಿಷ್, ನಿಮ್ಮ ಅದೃಷ್ಟ ಚೆನ್ನಾಗಿದೆ. ಇಂದಿಗೂ ಅತಿ ಸುಲಭವಾಗಿ ಸಿಗುವ ಅಳತೆ ಅದೇ. 36x24 ಇದ್ದರೆ ಇಟಾಲಿಯನ್, 35x1 ಇದ್ದರೆ ಫ್ರೆಂಚ್. ಕಪ್ ಇಲ್ಲದಿದ್ದರೆ ಕೊಳವೆಯ ಅಗಲ, ಅಂದರೆ ಎಡ ಅಂಚಿನಿಂದ ಬಲ ಅಂಚಿನವರೆಗೆ, ಅಳೆಯಿರಿ. 70 ಮಿ.ಮೀ. ಬಂದರೆ ಇಟಾಲಿಯನ್ ಎಂದು ಬಹುಮಟ್ಟಿಗೆ ನಂಬಬಹುದು. 68 ಬಂದರೆ ಮಾತ್ರ ಅವಸರ ಬೇಡ, ಇಂಗ್ಲಿಷಿಗೂ ಫ್ರೆಂಚಿಗೂ ಅಗಲ ಒಂದೇ. ಹಳೆಯ ರ‍್ಯಾಲಿ (ಇಂಗ್ಲೆಂಡಿನ ಸೈಕಲ್ ಕಂಪನಿ) ಫ್ರೇಮಾಗಿದ್ದರೆ ಇನ್ನೊಂದು ತಲೆನೋವು: ಆ ಕಂಪನಿ ಇಂಚಿಗೆ 26 ಸುತ್ತಿನ ತನ್ನದೇ ಥ್ರೆಡ್ ಇಟ್ಟುಕೊಂಡಿತ್ತು, ಕೊಳವೆಯ ಅಗಲ 71 ಅಥವಾ 76 ಇರುತ್ತದೆ.

ದಿಕ್ಕು ನೋಡಿದರೆ ಗುಟ್ಟು ಬಯಲಾಗುತ್ತದೆ. ಇಂಗ್ಲಿಷ್ ಫ್ರೇಮಿನಲ್ಲಿ ಚೈನ್ ಇರುವ ಬಲಗಡೆಯದು ಉಲ್ಟಾ ಥ್ರೆಡ್. ಬಿಗಿಯಾಗಬೇಕಾದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಬೇಕು, ಬಿಚ್ಚಲು ಮುಳ್ಳಿನ ದಿಕ್ಕಿಗೆ. ಇಟಾಲಿಯನ್, ಫ್ರೆಂಚ್ ಎರಡರಲ್ಲೂ ಸಾಮಾನ್ಯವಾಗಿ ಎರಡು ಕಡೆಯೂ ಮಾಮೂಲಿ ಥ್ರೆಡ್. ಈ ಒಂದು ವಿಷಯ ಗೊತ್ತಿಲ್ಲದೆ ಸ್ಪ್ಯಾನರಿಗೆ ಕಬ್ಬಿಣದ ಪೈಪ್ ಸಿಕ್ಕಿಸಿ, ಬಿಚ್ಚುತ್ತಿದ್ದೇವೆಂದು ಇನ್ನಷ್ಟು ಬಿಗಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಹೊಸ ಕಪ್ ಹಾಕುವಾಗ ಗ್ರೀಸ್ ಹಚ್ಚಿ, ಬರೀ ಬೆರಳಿನಿಂದ ಶುರು ಮಾಡಿ. ಕನಿಷ್ಠ ಮೂರು ಸುತ್ತು ಬೆರಳಿನಲ್ಲೇ ಹೋಗಬೇಕು. ಕಪ್ಪಿನ ಅಂಚು ಕೊಳವೆಯ ಅಂಚಿಗೆ ಸುತ್ತಲೂ ಸಮನಾಗಿ ಕಾಣಬೇಕು. ಒಂದು ಕಡೆ ಎದ್ದಿದ್ದರೆ ಥ್ರೆಡ್ ಓರೆ ಹಿಡಿದಿದೆ, ಹಿಂದಕ್ಕೆ ತಿರುಗಿಸಿ ಮತ್ತೆ ಶುರು ಮಾಡಿ. ಇಂಗ್ಲಿಷ್ ಕಪ್ಪಿನ ವ್ಯಾಸ ಸುಮಾರು 34.8 ಮಿ.ಮೀ., ಫ್ರೆಂಚಿನದು 35. ಹಾಗಾಗಿ ಫ್ರೆಂಚ್ ಫ್ರೇಮಿನ ಎಡಗಡೆ ಇಂಗ್ಲಿಷ್ ಕಪ್ ‘ಹೋಗೋ ಹಾಗಿದೆ’ ಅನ್ನಿಸಿ, ಸ್ವಲ್ಪ ಒಳಗೆ ಹೋಗಿ ಕಚ್ಚಿಕೊಳ್ಳುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿದಿರೋ, ಥ್ರೆಡ್ ಹೋಯಿತು.

ಅಳತೆ ಸರಿಯಿದ್ದೂ ಕಪ್ ಹೋಗದಿದ್ದರೆ ತಪ್ಪು ಬಹುತೇಕ ಪೌಡರ್ ಕೋಟಿಂಗಿನದು. ಫ್ರೇಮಿಗೆ ಬಣ್ಣ ಹೊಡೆಸುವಾಗ ಥ್ರೆಡ್ ಮುಚ್ಚಿ ಎಂದು ನೀವು ಹೇಳದಿದ್ದರೆ ಅವರು ಮುಚ್ಚುವುದಿಲ್ಲ. ಸುಟ್ಟು ಗಟ್ಟಿಯಾದ ಆ ಪದರ ಬ್ರಷ್ಷಿಗೆ ಬಗ್ಗದು. ಬಿಬಿ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಇಟ್ಟಿರುವ ದೊಡ್ಡ ಸೈಕಲ್ ಅಂಗಡಿಗೆ ಒಯ್ದು ಥ್ರೆಡ್ ಬಿಡಿಸಿಕೊಳ್ಳುವುದು ಸರಿಯಾದ ದಾರಿ. ಅಡ್ಡದಾರಿಯೂ ಒಂದಿದೆ, ನಾನು ಒಪ್ಪುವ ಒಂದೇ ಅಡ್ಡದಾರಿ: ಅದೇ ಅಳತೆಯ ಹಳೆಯ ಸ್ಟೀಲ್ ಕಪ್ಪಿನ ಥ್ರೆಡ್‌ಗೆ ಅಡ್ಡಲಾಗಿ ಆಕ್ಸಾ ಬ್ಲೇಡಿನಿಂದ ಮೂರು ಸೀಳು ಹಾಕಿ, ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಒಳಗೆ ಬಿಡುವುದು. ಬಣ್ಣದ ಚಕ್ಕೆ, ತುಕ್ಕು ಸೀಳಿನಲ್ಲಿ ತುಂಬಿಕೊಂಡು ಬರುತ್ತವೆ. ಹೊಸ ಥ್ರೆಡ್ ಕೊರೆಯಲು ಇದರಿಂದ ಆಗದು.

ಥ್ರೆಡ್ ಪೂರ್ತಿ ಹೋಗಿದ್ದರೆ? ‘ವೆಲ್ಡ್ ತುಂಬಿಸಿ ಲೇತಲ್ಲಿ ಹೊಸದಾಗಿ ಕೊರೆದು ಕೊಡ್ತೀನಿ ಸಾರ್’ ಎನ್ನುವವರು ಸಿಗುತ್ತಾರೆ. ಕೈಮುಗಿದು ಬಂದುಬಿಡಿ. ಎರಡೂ ಕಡೆಯ ಥ್ರೆಡ್ ಒಂದೇ ನೇರಕ್ಕೆ ಬರುವುದು ಅಪರೂಪ, ಮೇಲಾಗಿ ಅಷ್ಟು ಶಾಖಕ್ಕೆ ಕೊಳವೆಯೇ ಸೊಟ್ಟಗಾಗುತ್ತದೆ. ಥ್ರೆಡ್ ಬೇಡದ, ಒಳಗಿನಿಂದ ಹಿಗ್ಗಿ ಕಚ್ಚಿಕೊಳ್ಳುವ ಬಿಬಿ ಸಿಗುತ್ತದೆ, ಅದನ್ನು ಹಾಕಿ. ಟೆಫ್ಲಾನ್ ಟೇಪ್ ಸುತ್ತಿದರೆ ಕಿರಕಿರ ಸದ್ದು ನಿಲ್ಲಬಹುದು, ಹೋದ ಥ್ರೆಡ್ ಬರುವುದಿಲ್ಲ. ಇನ್ನೊಂದು: ಎಡಗಡೆ ಪ್ಲಾಸ್ಟಿಕ್ ಕಪ್ ಇರುವ ಅಗ್ಗದ ಬಿಬಿ ತರಬೇಡಿ. ನಾಳೆ ಬಿಚ್ಚುವಾಗ ಅದರ ಹಲ್ಲು ಪುಡಿಯಾಗಿ ಉಳಿದದ್ದು ಒಳಗೇ ಕೂತುಬಿಡುತ್ತದೆ.

ಕಪ್ ಕೂತಿತು ಎಂದರೆ ಕೆಲಸ ಮುಗಿಯಲಿಲ್ಲ, ಅಚ್ಚಿನ ಉದ್ದ ಬಾಕಿ ಇದೆ. ಚೌಕ ಅಚ್ಚುಗಳು 110, 113, 118, 122.5 ಮಿ.ಮೀ. ಹೀಗೆ ಸಿಗುತ್ತವೆ. ಕ್ರ್ಯಾಂಕ್ ಹಾಕಿ ತಿರುಗಿಸಿ ನೋಡಿ. ಚೈನ್‌ವೀಲಿನ ಹಲ್ಲು ಬಿಬಿಯಿಂದ ಹಿಂಚಕ್ರದತ್ತ ಹೋಗುವ ಕೆಳಗೊಳವೆಗೆ ತಾಗಿದರೆ ಅಚ್ಚು ಗಿಡ್ಡವಾಯಿತು. ಬಿಬಿ ಅಚ್ಚು ಉದ್ದ ಮಾಡಿದಷ್ಟೂ ಬಲಗಡೆಗೆ ಸಿಗುವುದು ಸರಿಸುಮಾರು ಅರ್ಧ ಮಾತ್ರ: 113 ತೆಗೆದು 118 ಹಾಕಿದರೆ ಚೈನ್‌ವೀಲ್ ಎರಡೂವರೆ ಮಿ.ಮೀ. ಹೊರಗೆ ಬರುತ್ತದೆ. ತಾಗಿದ ಜಾಗದಲ್ಲಿ ಕೊಳವೆಯನ್ನು ಸುತ್ತಿಗೆಯಿಂದ ತಗ್ಗಿಸುವುದು ನಮ್ಮಲ್ಲಿ ಬಲು ಜನಪ್ರಿಯ ಪರಿಹಾರ. ದಯವಿಟ್ಟು ಬೇಡ.

ಹಿಂದಿನ ಚಕ್ರ

ಹಿಂದಿನ ಆಕ್ಸಲ್ ಕೂರುವ ಎರಡು ಕಿವಿಗಳ ಒಳ ಅಂತರ ಅಳೆಯಿರಿ. ಆರೇಳು ಗೇರಿನ ಕಾಲದ ರೇಸಿಂಗ್ ಫ್ರೇಮಿನಲ್ಲಿ ಅದು 126 ಮಿ.ಮೀ.; ಆಮೇಲಿನ ರೋಡ್ ಚಕ್ರಕ್ಕೆ 130, ಎಂಟಿಬಿ (ಮೌಂಟನ್ ಬೈಕ್) ಚಕ್ರಕ್ಕೆ 135 ಬೇಕು. ಸ್ಟೀಲ್ ಆದರೆ 126ಕ್ಕೆ 130ರ ಚಕ್ರವನ್ನು ಕೈಯಲ್ಲಿ ಅಗಲಿಸಿಯೇ ಕೂರಿಸಬಹುದು, ಒಂದೊಂದು ಬದಿಗೆ ಎರಡೇ ಮಿಲಿಮೀಟರ್. ಅದಕ್ಕಿಂತ ಹೆಚ್ಚಾದರೆ ಫ್ರೇಮ್ ಬಗ್ಗಿಸಿ ಸೆಟ್ ಮಾಡಬೇಕು. ಬಗ್ಗಿಸಿದ ಮೇಲೆ ದಾರದ ಪರೀಕ್ಷೆ ಕಡ್ಡಾಯ: ಒಂದು ಕಿವಿಗೆ ದಾರ ಕಟ್ಟಿ, ಹ್ಯಾಂಡಲ್ ಕೊಳವೆಯ ಮುಂದೆ ಬಳಸಿ ಇನ್ನೊಂದು ಕಿವಿಗೆ ಎಳೆದು ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಒಂದೇ ದೂರ ಇರಬೇಕು. ಅಲ್ಯುಮಿನಿಯಂ ಅಥವಾ ಕಾರ್ಬನ್ ಫ್ರೇಮನ್ನು ಮಾತ್ರ ಒಂದು ಮಿಲಿಮೀಟರೂ ಅಗಲಿಸಬೇಡಿ, ಬಿರುಕು ಬಿಡುತ್ತದೆ.

ರಿಮ್, ಬ್ರೇಕು

ಟಯರಿನ ಮೇಲಿನ ಇಂಚು ನಂಬಬೇಡಿ. ‘28 ಇಂಚು’ ಎಂದರೆ ನಮ್ಮ ಹಾಲಿನವರ ಸೈಕಲ್ಲಿನ 635 ಆಗಬಹುದು, ಇಂದಿನ 700ಸಿ ಅಂದರೆ 622 ಕೂಡ ಆಗಬಹುದು. ಹಳೆಯ ರೇಸಿಂಗ್ ಸೈಕಲ್ಲಿನ 27 ಇಂಚು 630. ಟಯರಿನ ಪಕ್ಕದಲ್ಲಿ ಸಣ್ಣಗೆ ಬರೆದ ಈ ಮೂರಂಕಿಯ ಸಂಖ್ಯೆಯೇ ನಿಜವಾದ ಅಳತೆ. ನನ್ನನ್ನು ಕೇಳಿದರೆ 27 ಇಂಚಿನ ಹಳೆಯ ರಿಮ್ ಬಿಟ್ಟು 622 ಹಾಕಿ, ಟಯರಿಗೆ ಅಲೆಯುವುದು ತಪ್ಪುತ್ತದೆ. ಆದರೆ ರಿಮ್ ನಾಲ್ಕು ಮಿಲಿಮೀಟರ್ ಕೆಳಗೆ ಹೋಗುತ್ತದೆ, ಬ್ರೇಕಿನ ತೋಳು ಅಲ್ಲಿಗೆ ಮುಟ್ಟಬೇಕು. ಚಕ್ರ ಹಾಕಿ, ಬ್ರೇಕ್ ಬೋಲ್ಟಿನ ತೂತಿನಿಂದ ರಿಮ್ಮಿನಲ್ಲಿ ರಬ್ಬರು ಒತ್ತುವ ಪಟ್ಟಿಯ ನಡುವಿನವರೆಗೆ ಅಳೆದು, 39–49 ಮಿ.ಮೀ. ಮುಟ್ಟುವ ಬ್ರೇಕೋ 47–57 ಮುಟ್ಟುವ ಬ್ರೇಕೋ ಎಂದು ತೀರ್ಮಾನಿಸಿ. ಬ್ರೇಕ್ ರಬ್ಬರು ಕೂರುವ ತೋಳಿನ ಸೀಳನ್ನು ರಾವಿ ಉದ್ದ ಮಾಡುವ ಮೇಸ್ತ್ರಿಯ ಕೈಗೆ ನಿಮ್ಮ ಪ್ರಾಣ ಕೊಡಬೇಡಿ.

ಮಿಕ್ಕಿದ್ದು

ಸೀಟ್ ಪಿಲ್ಲರ್ 25.4ರಿಂದ 27.2ರವರೆಗೆ 0.2 ಮಿ.ಮೀ. ಹೆಚ್ಚಳದಲ್ಲಿ ಸಿಗುತ್ತದೆ. ಸರಿಯಾದದ್ದು ಗ್ರೀಸ್ ಹಚ್ಚಿದರೆ ಕೈಯಲ್ಲೇ ಇಳಿಯುತ್ತದೆ, ಅಲ್ಲಾಡುವುದಿಲ್ಲ. ಕೂಲ್‌ಡ್ರಿಂಕ್ಸ್ ಡಬ್ಬಿಯ ತಗಡು ಸುತ್ತುವುದು ಮನೆಗೆ ಹೋಗಿ ಸೇರುವವರೆಗೆ ಮಾತ್ರ. ಗ್ರೀಸ್ ಇಲ್ಲದೆ ಅಲ್ಯುಮಿನಿಯಂ ಪಿಲ್ಲರ್ ಹಾಕಿದರೆ ನಾಲ್ಕು ಮಳೆಗಾಲದಲ್ಲಿ ಅದು ಸ್ಟೀಲಿಗೆ ಕಚ್ಚಿಕೊಂಡು ಎರಡೂ ಒಂದೇ ಆಗಿಬಿಡುತ್ತವೆ.

ಹ್ಯಾಂಡಲ್ಲಿಗೆ ಹೆಚ್ಚಾಗಿ ಸಿಗುವ ಹಿಡಿತದ ಅಳತೆ ಮೂರು: 25.4, 26, 31.8. ಹ್ಯಾಂಡಲ್ಲಿಗೂ ಅದನ್ನು ಹಿಡಿಯುವ ಸ್ಟೆಮ್ಮಿಗೂ ಒಂದೇ ಇರಲಿ, ಇಲ್ಲಿ ತಗಡಿನ ಆಟ ಬೇಡವೇ ಬೇಡ.

ಗೇರು: ಗೇರ್ ಬದಲಿಸುವ ಕ್ಲಿಕ್ ಶಿಫ್ಟರ್, ಚೈನನ್ನು ಸರಿಸುವ ಹಿಂದಿನ ಡಿರೇಲರ್, ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛವಾದ ಕ್ಯಾಸೆಟ್ ಮೂರೂ ಒಂದೇ ಜಾತಿಯವಾಗಿರಬೇಕು. ಸಿಕ್ಕಿದ್ದನ್ನೆಲ್ಲ ಬೆರೆಸುವುದಾದರೆ ಕ್ಲಿಕ್ ಇಲ್ಲದ ಹಳೇ ಲಿವರ್ ಹಾಕಿ, ಅದು ಯಾವುದಕ್ಕೂ ತಕರಾರು ಮಾಡದು. ಮುಂದೆ ಒಂದೇ ಚೈನ್‌ವೀಲ್ ಸಾಕು. ಮುಂದಿನ ಡಿರೇಲರ್ ಊರಿನ ಓಡಾಟಕ್ಕೆ ದಂಡ.

ಎಡ ಪೆಡಲ್ ಕೂಡ ಉಲ್ಟಾ ಥ್ರೆಡ್, ನೆನಪಿರಲಿ. ಮೊದಲ ದಿನ ಒಂದಷ್ಟು ದೂರ ಓಡಿಸಿ ಬಂದ ಮೇಲೆ ಕ್ರ್ಯಾಂಕ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ನೋಡಿ. ಸಡಿಲವಾಗಿಯೇ ಓಡಿಸಿದರೆ ಕ್ರ್ಯಾಂಕಿನ ಚೌಕ ತೂತು ದುಂಡಗಾಗಿ, ಅದನ್ನು ಮತ್ತೆ ಯಾವ ಬೋಲ್ಟೂ ಹಿಡಿಯುವುದಿಲ್ಲ.