ಘಾಟಿ, ಮಳೆ ಮತ್ತು ಟರ್ಬೊ: ಎಂಜಿನ್ ಆಯಿಲ್ ಹಾಗೂ ಗ್ಯಾರೇಜ್ ಆಯ್ಕೆಯಲ್ಲಿ ನನ್ನ ಅನುಭವ

ಸುಂಟಿಕೊಪ್ಪದ ಕಡೆ ಇರುವ ನಮ್ಮ ಕಾಫಿ ತೋಟದಲ್ಲಿ ಬಹುಕಾಲ ಓಡಿದ್ದು ಡೀಸೆಲ್ ಜೀಪು. ಅದಕ್ಕೆ ಯಾವ ಆಯಿಲ್ ಹಾಕಬೇಕು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. 15ಡಬ್ಲ್ಯು-40 ಡಬ್ಬ ತಂದು ಕೊಟ್ಟರೆ ಯಾವ ಗ್ಯಾರೇಜಿನವರಾದರೂ ಹಾಕಿಕೊಡುತ್ತಿದ್ದರು, ಜೀಪೂ ತಕರಾರು ಮಾಡುತ್ತಿರಲಿಲ್ಲ. ಆಮೇಲೆ ಒಂದು ಲೀಟರಿನ, ಮೂರು ಸಿಲಿಂಡರಿನ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುವ ವ್ಯವಸ್ಥೆ) ಇರುವ ಟರ್ಬೊ ಪೆಟ್ರೋಲ್ ಕಾರು ಮನೆಗೆ ಬಂತು. ಕೊಡಗಿನಲ್ಲಿ ವಾಹನದ ಬಗ್ಗೆ ಸಿಗುವ ಸಲಹೆಯಲ್ಲಿ ದೊಡ್ಡ ಪಾಲು ಜೀಪಿನ ಅನುಭವದಿಂದಲೇ ಬಂದದ್ದು. ಅದರಲ್ಲಿ ಮೊದಲನೆಯದು, ಘಾಟಿ ಹತ್ತುವ ಗಾಡಿಗೆ ಗಟ್ಟಿ ಆಯಿಲೇ ಆಗಬೇಕು ಎಂಬುದು. ಜೀಪಿನ ಮಟ್ಟಿಗೆ ಅದು ತಪ್ಪಲ್ಲ. ಹೊಸ ಕಾರಿಗೆ ಅದನ್ನೇ ಅನ್ವಯಿಸುವ ಮೊದಲು ಟರ್ಬೊ ಎಂಬುದು ಆಯಿಲ್‌ನಿಂದ ಏನನ್ನು ಬೇಡುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದೆನಿಸಿತು.

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸಣ್ಣ ಟರ್ಬೊಗಳಲ್ಲಿ ಈ ಶಾಫ್ಟು ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳವರೆಗೂ ತಿರುಗಬಲ್ಲದು. ಬಹುತೇಕ ಕಾರುಗಳಲ್ಲಿ ಅದನ್ನು ಹೊತ್ತು ನಿಲ್ಲಿಸುವುದು ಬಾಲ್ ಬೇರಿಂಗ್ ಅಲ್ಲ, ಶಾಫ್ಟು ಮತ್ತು ಬುಷ್‌ನ ನಡುವೆ ಒತ್ತಡದಿಂದ ಹರಿಯುವ ಆಯಿಲ್‌ನ ತೆಳು ಪದರ. ಪೆಟ್ರೋಲ್ ಎಂಜಿನ್ನಿನಲ್ಲಿ ಟರ್ಬೈನಿಗೆ ಬರುವ ಹೊಗೆಯ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಎತ್ತರವೂ ಸೇರಿಕೊಳ್ಳುತ್ತದೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇಕಡ 12ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಆ ಎತ್ತರದಲ್ಲಿ ಅಷ್ಟು ಶಕ್ತಿಯನ್ನು ಕಳೆದುಕೊಂಡು ಸುಮ್ಮನಾಗುತ್ತದೆ. ಟರ್ಬೊ ಇರುವುದು ಕೊರತೆಯನ್ನು ತುಂಬಿಕೊಳ್ಳಲು ಇನ್ನಷ್ಟು ವೇಗವಾಗಿ ತಿರುಗುತ್ತದೆ. ಬೆಟ್ಟದ ಮೇಲೂ ಪಿಕಪ್ ಕುಗ್ಗಲಿಲ್ಲವೆಂದು ನಾವು ಹಿಗ್ಗುವಾಗ ಆ ಹೆಚ್ಚಿನ ಭಾರ ಬೀಳುವುದು ಆಯಿಲ್ ಮೇಲೆ.

ಆಯ್ಕೆಯನ್ನು ನಾನು ಆರಂಭಿಸಿದ್ದು ಅಂಗಡಿಯಲ್ಲಿ ಅಲ್ಲ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೇ ಇದ್ದ ಕೈಪಿಡಿಯಲ್ಲಿ. ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ, ಅನೇಕರು ಮೊದಲನೆಯದನ್ನು ಮಾತ್ರ ಓದುತ್ತಾರೆ. ಮೊದಲನೆಯದು ಗ್ರೇಡು; ನನ್ನ ಕಾರಿಗೆ ಅದು 5ಡಬ್ಲ್ಯು-30. ಎರಡನೆಯದು ಗುಣಮಟ್ಟದ ಮಾನಕ. ನನ್ನ ಕಾರಿಗೆ ಅದು ಎಸಿಇಎ ಸಿ3, ಯುರೋಪಿನ ಕಾರು ತಯಾರಕರ ಸಂಘ ಗೊತ್ತುಮಾಡಿದ್ದು. ಗ್ರೇಡು ಹೇಳುವುದು ಆಯಿಲ್ ಎಷ್ಟು ತೆಳು, ಎಷ್ಟು ಗಟ್ಟಿ ಎಂಬುದನ್ನಷ್ಟೇ. ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಕೊರೆಯುವ ಚಳಿಯಲ್ಲಿ ನಡೆಯುವ ಪರೀಕ್ಷೆಗೆ ಸಂಬಂಧಿಸಿದ್ದು, 5ಡಬ್ಲ್ಯುಗೆ ಆ ಪರೀಕ್ಷೆ ನಡೆಯುವುದು ಮೈನಸ್ 30 ಡಿಗ್ರಿಯಲ್ಲಿ. ಮಡಿಕೇರಿಯ ಜನವರಿ ಎಷ್ಟೇ ನಡುಗಿಸಿದರೂ ಅದರ ಹತ್ತಿರಕ್ಕೂ ಹೋಗದು. ಮುಂದಿನ ಅಂಕಿ 100 ಡಿಗ್ರಿಯಲ್ಲಿ ಅಳೆದ ಸ್ನಿಗ್ಧತೆಯದು.

ಟರ್ಬೊಗೆ ನಿಜವಾಗಿ ಬೇಕಾದ ಮಾಹಿತಿ ಇವೆರಡರ ಆಚೆ ಇದೆ. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನ ಇಕ್ಕಟ್ಟಿನಲ್ಲಿ ಆಗುವಂಥ ವೇಗದ ಉಜ್ಜುವಿಕೆಯಲ್ಲಿ ಆಯಿಲ್ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಅಳೆಯುತ್ತಾರೆ. ಎಚ್‌ಟಿಎಚ್‌ಎಸ್ ಎಂದು ಅದಕ್ಕೆ ಹೆಸರು. ಬರಿಯ 30ರ ಗ್ರೇಡಿಗೆ ಅದು ಕನಿಷ್ಠ 2.9 ಮಿಲಿಪಾಸ್ಕಲ್-ಸೆಕೆಂಡ್ ಇದ್ದರೆ ಸಾಕು. ಸಿ3 ಮಾನಕ ಕನಿಷ್ಠ 3.5 ಇರಲೇಬೇಕೆನ್ನುತ್ತದೆ. ಎಂದರೆ ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕ ಕೂತ ಎರಡು 5ಡಬ್ಲ್ಯು-30 ಡಬ್ಬಗಳು ಘಾಟಿಯ ಬಿಸಿಯಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. ಗಟ್ಟಿ ಆಯಿಲ್ ಬೇಕು ಎಂಬ ಹಿರಿಯರ ಮಾತಿನಲ್ಲಿದ್ದ ಕಾಳಜಿಗೆ ಇಲ್ಲಿ ಸರಿಯಾದ ಉತ್ತರ ಸಿಕ್ಕಿತು: ಬಿಸಿಯಲ್ಲಿ ಗಟ್ಟಿಯಾಗಿ ನಿಲ್ಲುವ ಆಯಿಲ್ ಬೇಕು ನಿಜ, ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟರ್ಬೊದ ಬೇರಿಂಗಿನ ತನಕ ಓಡಿಹೋಗುವಷ್ಟು ತೆಳುವೂ ಆಗಿರಬೇಕು. ಹಾಗೆಂದು 0ಡಬ್ಲ್ಯು-20 ಕೇಳುವ ಕಾರಿಗೆ ನನ್ನ ಆಯಿಲ್ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ಎಂಜಿನ್ನಿನ ಪಂಪು, ಬೇರಿಂಗಿನ ಸಂದು, ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆ, ಎಲ್ಲವನ್ನೂ ಆ ತೆಳುವಿಗೆ ತಕ್ಕಂತೆ ಮಾಡಿರುತ್ತಾರೆ.

ಡಬ್ಬದ ಹಿಂಬದಿಯಲ್ಲಿ ನಾನು ಹುಡುಕಿದ ಇನ್ನೊಂದು ಗುರುತು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಮಾನಕವಾದ ಎಪಿಐ ಎಸ್‌ಪಿ. ಇದು 2020ರ ಮೇ ತಿಂಗಳಿನಿಂದ ಜಾರಿಗೆ ಬಂದದ್ದು. ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂ ಮತ್ತು ಹೆಚ್ಚು ಭಾರ ಕೂಡಿದಾಗ, ಸ್ಪಾರ್ಕ್ ಬೀಳುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟು ಬೀಳುವ ತೊಂದರೆಯೊಂದಿದೆ. ಆಯಿಲ್‌ನಲ್ಲಿ ಬೆರೆಸುವ ಕ್ಯಾಲ್ಸಿಯಂ ಆಧಾರಿತ ಶುಚಿಕಾರಕಗಳು ಅದನ್ನು ಹೆಚ್ಚಿಸುತ್ತವೆ ಎಂದು ಗೊತ್ತಾದ ಮೇಲೆ ಮಿಶ್ರಣವನ್ನು ಬದಲಿಸಿದರು. ಎಸ್‌ಪಿ ಆಯಿಲ್‌ಗಳು ಈ ತೊಂದರೆಯನ್ನು ತಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಕಡಿಮೆ ಆರ್‌ಪಿಎಂ, ಹೆಚ್ಚು ಭಾರ ಎಂದರೆ ಬೇರೇನಲ್ಲ, ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಗೇರ್ ಇಳಿಸಲು ಸೋಮಾರಿತನಪಟ್ಟು ನಾಲ್ಕನೆಯದರಲ್ಲೇ ಎಕ್ಸಿಲರೇಟರ್ ಒತ್ತಿ ಹಿಡಿಯುವುದು. ಆಯಿಲ್ ಎಷ್ಟೇ ಒಳ್ಳೆಯದಿರಲಿ, ಅಲ್ಲಿ ಮೂರಕ್ಕೋ ಎರಡಕ್ಕೋ ಇಳಿಸಿ ಎಂಜಿನ್ ಅನ್ನು ಹಗುರವಾಗಿ ತಿರುಗಲು ಬಿಡಬೇಕು. ಡೀಸೆಲ್ ಕಾರಿನವರ ಲೆಕ್ಕ ಬೇರೆ: 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಡಿಪಿಎಫ್ ಇರುವುದರಿಂದ, ಬೂದಿ ಕಡಿಮೆ ಉಳಿಸುವ ಆಯಿಲ್ ಹಾಕದಿದ್ದರೆ ಅದು ಬೇಗ ಕಟ್ಟಿಕೊಳ್ಳುತ್ತದೆ.

ಬ್ರ್ಯಾಂಡಿನ ಬಗ್ಗೆ ಜನ ಬಹಳ ವಾದ ಮಾಡುತ್ತಾರೆ. ಕ್ಯಾಸ್ಟ್ರಾಲ್, ಶೆಲ್, ಮೊಬಿಲ್, ನಮ್ಮದೇ ಸರ್ವೊ, ಮ್ಯಾಕ್, ಇವುಗಳಲ್ಲಿ ಯಾವುದರ ಡಬ್ಬದ ಮೇಲೆ ಈ ಎರಡು ಗುರುತುಗಳೂ ಇವೆಯೋ ಅದು ನನಗೆ ಆದೀತು. ಮುಂಬದಿಯಲ್ಲಿ ದೊಡ್ಡದಾಗಿ ಬರೆದ 'ಫುಲ್ ಸಿಂಥೆಟಿಕ್' ಎಂಬುದಕ್ಕಿಂತ ಹಿಂಬದಿಯ ಸಣ್ಣ ಅಕ್ಷರಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಕಲಿಯ ಭಯ ಇರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲಿ ಮಾತ್ರ ಕೊಳ್ಳುತ್ತೇನೆ, ಮುಚ್ಚಳದ ಸೀಲು ಮತ್ತು ಬ್ಯಾಚ್ ಸಂಖ್ಯೆ ನೋಡುತ್ತೇನೆ, ಖಾಲಿ ಡಬ್ಬವನ್ನು ತೂತು ಮಾಡಿಯೇ ಎಸೆಯುತ್ತೇನೆ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದರಲ್ಲಿ ಕೊಡಗು ತನ್ನದೇ ಪಾಠ ಕಲಿಸುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಕಾರಿನ ಓಡಾಟ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ, ಅಷ್ಟೇ. ಕೂಲೆಂಟ್ ಬಿಸಿಯಾಗಿ ಮೀಟರಿನ ಮುಳ್ಳು ನಡುವಿಗೆ ಬಂದರೂ ಆಯಿಲ್ ಪೂರ್ತಿ ಬಿಸಿಯಾಗುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಪೇಟೆ ಬಂದಿರುತ್ತದೆ. ಒಂದು ಜುಲೈಯಲ್ಲಿ ಆಯಿಲ್ ತುಂಬುವ ಮುಚ್ಚಳ ಬಿಚ್ಚಿದಾಗ ಅದರ ಒಳಮೈಗೆ ನಸುಹಳದಿ ಬಣ್ಣದ ನೊರೆಯಂಥದ್ದು ಬೆಣ್ಣೆಯ ಹಾಗೆ ಮೆತ್ತಿಕೊಂಡಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲ್‌ಗೆ ಸೇರಿದೆ ಎಂದು ಹೆದರಿಸುವವರು ಹೆದರಿಸಿದರು. ಆಯಿಲ್ ಗೇಜಿನ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿ ನೋಡಿದರೆ ಆಯಿಲ್ ಸ್ವಚ್ಛವಾಗಿಯೇ ಇತ್ತು, ಕೂಲೆಂಟ್ ಮಟ್ಟವೂ ಇಳಿದಿರಲಿಲ್ಲ. ಅದು ಎಂಜಿನ್ನಿನೊಳಗಿನ ತೇವ ತಣ್ಣನೆಯ ಮುಚ್ಚಳದ ಮೇಲೆ ಹನಿಗಟ್ಟಿ ಆಯಿಲ್‌ನೊಡನೆ ಕಲಸಿಕೊಂಡದ್ದು. ಮೈಸೂರಿಗೆ ಒಮ್ಮೆ ಹೋಗಿ ಬಂದ ಮೇಲೆ ಅದು ತಾನಾಗಿ ಹೋಯಿತು, ಕುಶಾಲನಗರ ದಾಟಿದ ಮೇಲಿನ ಬಯಲು ರಸ್ತೆಯಲ್ಲಿ ಎಂಜಿನ್ ಒಂದೇ ಸಮನೆ ಬಿಸಿಯಾಗಿ ಓಡುತ್ತದೆ. ತೇವದ ಜೊತೆಗೆ ಪೆಟ್ರೋಲೂ ಪಿಸ್ಟನ್ನಿನ ಉಂಗುರಗಳನ್ನು ದಾಟಿ ಆಯಿಲ್‌ಗೆ ಇಳಿಯುತ್ತದೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಇದು ಹೆಚ್ಚು. ಕಡ್ಡಿಯಲ್ಲಿ ಆಯಿಲ್ ಮೇಲಿನ ಗೆರೆ ದಾಟಿದ್ದು ಕಂಡರೆ, ಮೂಸಿದರೆ ಪೆಟ್ರೋಲ್ ವಾಸನೆ ಹೊಡೆದರೆ, ಆ ಆಯಿಲ್ ಎಷ್ಟು ಕಿಲೋಮೀಟರ್ ಓಡಿದೆ ಎಂದು ಲೆಕ್ಕ ಹಾಕುತ್ತ ಕೂರಬಾರದು.

ನನ್ನ ಕೈಪಿಡಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಎನ್ನುತ್ತದೆ. ಅದೇ ಪುಟದ ಕೆಳಗೆ, ಗುಡ್ಡಗಾಡು, ಧೂಳು, ಪದೇ ಪದೇ ಸಣ್ಣ ಓಡಾಟ ಇದ್ದರೆ ಅವಧಿಯನ್ನು ಅರ್ಧಕ್ಕೆ ಇಳಿಸಿ ಎಂದೂ ಇದೆ. ಕೊಡಗಿನ ಕಾರಿಗೆ ಆ ಮೂರೂ ಅನ್ವಯಿಸುತ್ತವೆ. ಆದ್ದರಿಂದ ಒಮ್ಮೆ ತುಲಾ ಸಂಕ್ರಮಣದ ಆಸುಪಾಸಿನಲ್ಲಿ, ಮಳೆಗಾಲದ ತೇವ ಮತ್ತು ಪೆಟ್ರೋಲ್ ಕುಡಿದ ಆಯಿಲ್ ಹೊರಗೆ ಹೋಗಲೆಂದು, ಮತ್ತೊಮ್ಮೆ ಕಾಫಿ ಕೊಯ್ಲು ಮುಗಿದು ಬೇಸಗೆ ಬಲಿತಾಗ ಬದಲಿಸುತ್ತೇನೆ. ಎರಡನೆಯ ಸಲ ಏರ್ ಫಿಲ್ಟರನ್ನೂ ತೆಗೆಸಿ ನೋಡುತ್ತೇನೆ; ತೋಟದ ದಾರಿಯ ಕೆಂಪು ಧೂಳು ಅದನ್ನು ದಾಟಿದರೆ ಮೊದಲು ಎದುರಾಗುವುದು ಟರ್ಬೊದ ಚಕ್ರದ ರೆಕ್ಕೆಗಳೇ. ಅಕ್ಟೋಬರಿನಲ್ಲಿ ಹೋಗುವವರು ಆಯುಧಪೂಜೆಯ ವಾರವನ್ನು ತಪ್ಪಿಸುವುದು ಒಳ್ಳೆಯದು. ಆ ವಾರ ಯಾವ ಗ್ಯಾರೇಜಿನಲ್ಲೂ ಯಾರಿಗೂ ಪುರಸೊತ್ತಿರುವುದಿಲ್ಲ.

ಗ್ಯಾರೇಜಿನ ಆಯ್ಕೆ ಆಯಿಲ್‌ಗಿಂತ ಕಷ್ಟದ್ದು, ಏಕೆಂದರೆ ಅಲ್ಲಿ ಓದಲು ಲೇಬಲ್ ಇರುವುದಿಲ್ಲ. ವಾರಂಟಿ ಇರುವ ತನಕ ಕಂಪನಿಯ ಸರ್ವಿಸ್ ಸೆಂಟರಿಗೇ ಹೋದೆ. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿಯನ್ನು ಇಡಿಯಾಗಿ ರದ್ದು ಮಾಡುವ ಷರತ್ತು ಹಾಕಬಾರದೆಂದು ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ತಯಾರಕರ ವಿರುದ್ಧದ ಆದೇಶದಲ್ಲಿ ಹೇಳಿತ್ತು, ಆ ಪ್ರಕರಣ ಮೇಲ್ಮನವಿಗೂ ಹೋಯಿತು. ಅಂಥ ವಾದವನ್ನು ಕೌಂಟರಿನಲ್ಲಿ ನಿಂತು ಮಾಡುವ ಉತ್ಸಾಹ ನನಗಿರಲಿಲ್ಲ. ಸೆಂಟರಿನಲ್ಲಿ ಬ್ಯಾರೆಲ್‌ನಿಂದ ಆಯಿಲ್ ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ನನಗೆ ಬಂದ ಮೊದಲ ಬಿಲ್ಲಿನಲ್ಲಿ 'ಎಂಜಿನ್ ಆಯಿಲ್ ಸಿಂಥೆಟಿಕ್' ಎಂದಷ್ಟೇ ಇತ್ತು, ಗ್ರೇಡೂ ಇಲ್ಲ, ಮಾನಕವೂ ಇಲ್ಲ. ಮನೆಗೆ ಬಂದು ನೋಡಿದರೆ ಆಯಿಲ್ ಮೇಲಿನ ಗೆರೆಗಿಂತ ಮೇಲಿತ್ತು. ಮುಂದಿನ ಸಲದಿಂದ ಜಾಬ್ ಕಾರ್ಡಿನಲ್ಲೇ ಗ್ರೇಡು, ಮಾನಕ, ಎಷ್ಟು ಲೀಟರ್ ಎಂದು ಬರೆಸಿದ ಮೇಲೆಯೇ ಕೀ ಕೊಡುತ್ತಿದ್ದೆ. ಬರೆಸಿದ ಮೇಲೆ ಕೆಲಸವೂ ಸರಿಯಾಯಿತು.

ವಾರಂಟಿ ಮುಗಿದ ಮೇಲೆ ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪಗಳಲ್ಲಿ ಕೆಲವು ಗ್ಯಾರೇಜುಗಳನ್ನು ನೋಡಿದೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ಇಂಟರ್‌ಕೂಲರಿನ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಹೋಸ್ ಒಳಗೆ ಆಯಿಲ್ ಪಸೆ ಕಾಣುತ್ತಿದೆ, ಏನು ಮಾಡಬೇಕು? ಎಂಜಿನ್ನಿನ ಒಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಬಿಡುವ ವ್ಯವಸ್ಥೆ ಇರುವುದರಿಂದ ಅಲ್ಲಿ ತೆಳುವಾದ ಪಸೆ ಇರುವುದು ಸಹಜ. ಆಯಿಲ್ ನಿಂತಿದ್ದರೆ, ಬೆಳಗ್ಗೆ ನೀಲಿ ಹೊಗೆ ಬಂದರೆ ಮಾತ್ರ ಯೋಚಿಸಬೇಕು. ಒಬ್ಬರು ಬಾನೆಟ್ ತೆರೆಯದೆಯೇ "ಟರ್ಬೊ ಹೋಗಿದೆ, ಹೊಸದು ತರಿಸಬೇಕು" ಎಂದರು. ಕುಶಾಲನಗರದ ಸಣ್ಣ ಗ್ಯಾರೇಜೊಂದರ ಹುಡುಗ ಮಾತ್ರ ಹೋಸ್ ಬಿಚ್ಚಿ ಬೆರಳಿನಿಂದ ಒರೆಸಿ ನೋಡಿದ, ಟರ್ಬೊದ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆದ. "ಉದ್ದಕ್ಕೆ ಆಟ ಇಲ್ಲ ಸಾರ್, ಪಕ್ಕಕ್ಕೆ ಚೂರು ಉಂಟು, ಅದು ಇರ್ತದೆ. ಎಂತ ಸಹ ಮಾಡುವುದು ಬೇಡ," ಎಂದ. ಖರ್ಚಿಲ್ಲದ ಉತ್ತರ ಕೊಟ್ಟವನಿಗೇ ಕೆಲಸ ಕೊಟ್ಟೆ.

ಅವನು ಆಯಿಲ್ ಬದಲಿಸುವುದನ್ನು ಪಕ್ಕದಲ್ಲೇ ನಿಂತು ನೋಡಬಹುದು, ಅದೂ ಒಂದು ಅರ್ಹತೆಯೇ. ಎಂಜಿನ್ ಬಿಸಿ ಇರುವಾಗಲೇ ಡ್ರೈನ್ ಬೋಲ್ಟ್ ಬಿಚ್ಚುತ್ತಾನೆ, ಧಾರೆ ನಿಂತ ಮೇಲೂ ಕೊನೆಯ ಹನಿಗಳು ಇಳಿಯಲೆಂದು ಕಾಯುತ್ತಾನೆ. ಬೋಲ್ಟಿನ ಹಳೆಯ ವಾಷರ್ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿ ಎಸೆದು ಹೊಸದನ್ನು ಹಾಕುತ್ತಾನೆ. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ, ಏಕೆಂದರೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಅಲ್ಯೂಮಿನಿಯಂ ಸಂಪಿನ ಥ್ರೆಡ್ ಒಮ್ಮೆ ಹೋದರೆ ಸಂಪನ್ನೇ ಬದಲಿಸುವ ಪ್ರಸಂಗ ಬರಬಹುದು. ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಬೆರಳಲ್ಲಿ ಆಯಿಲ್ ಸವರಿ ಕೂರಿಸುತ್ತಾನೆ. ಫಿಲ್ಟರ್ ಕಂಪನಿಯದೇ ಆಗಬೇಕೆಂಬುದು ನನ್ನ ಹಟ. ನಿಂತ ಎಂಜಿನ್ನಿನಿಂದ ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ವಾಲ್ವ್ ಅದರಲ್ಲಿ ಸರಿಯಾಗಿರದಿದ್ದರೆ ಪ್ರತಿ ಬೆಳಗ್ಗೆ ಟರ್ಬೊಗೆ ಆಯಿಲ್ ತಡವಾಗಿ ತಲುಪುತ್ತದೆ. ಕೊನೆಗೆ ಕೈಪಿಡಿಯ ಅಳತೆಗಿಂತ ತುಸು ಕಡಿಮೆ ತುಂಬಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ನಿಲ್ಲಿಸಿ, ಆಯಿಲ್ ಕೆಳಗಿಳಿದ ಮೇಲೆ ಕಡ್ಡಿ ನೋಡಿ ಉಳಿದದ್ದನ್ನು ಹಾಕುತ್ತಾನೆ. ಎಂಜಿನ್ನಿನ ಒಳಗನ್ನು ತೊಳೆಯುವ 'ಎಂಜಿನ್ ಫ್ಲಶ್' ಬಾಟಲಿಯನ್ನು ಅವನು ಎಂದೂ ಮುಂದಿಟ್ಟಿಲ್ಲ, ಇಟ್ಟಿದ್ದರೂ ನಾನು ಒಪ್ಪುತ್ತಿರಲಿಲ್ಲ. ಅವಧಿಗೆ ಸರಿಯಾಗಿ ಆಯಿಲ್ ಬದಲಿಸುವ ಎಂಜಿನ್ನಿಗೆ ಅದು ಬೇಕಾಗಿಲ್ಲ.

ಡಬ್ಬದಲ್ಲಿ ಮಿಕ್ಕ ಆಯಿಲನ್ನು ಮುಚ್ಚಳ ಬಿಗಿದು ಡಿಕ್ಕಿಯಲ್ಲಿ ಇಟ್ಟುಕೊಳ್ಳುತ್ತೇನೆ. ದೂರದ ಪ್ರಯಾಣಕ್ಕೆ ಮೊದಲು, ಕಾರು ಸಮತಟ್ಟಾದ ಜಾಗದಲ್ಲಿ ತಣ್ಣಗೆ ನಿಂತಿರುವಾಗ ಕಡ್ಡಿ ನೋಡುತ್ತೇನೆ. ನಮ್ಮ ಅಂಗಳ ಇಳಿಜಾರಿನಲ್ಲಿರುವುದರಿಂದ ಅದಕ್ಕಾಗಿ ಕಾರನ್ನು ಕಾಫಿ ಕಣಕ್ಕೆ ತರಬೇಕು. ಘಾಟಿ ಹತ್ತಿ ಬಂದು ಮಡಿಕೇರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಅರ್ಧ ನಿಮಿಷವೋ ಒಂದು ನಿಮಿಷವೋ ಎಂಜಿನ್ ಓಡಲು ಬಿಟ್ಟೇ ಆಫ್ ಮಾಡುತ್ತೇನೆ, ಇಲ್ಲವಾದರೆ ಕಾದ ಬೇರಿಂಗಿನೊಳಗೆ ನಿಂತುಹೋದ ಆಯಿಲ್ ಸುಟ್ಟು ಕರಿಯಾಗಿ ಗಟ್ಟಿಕಟ್ಟುತ್ತದೆ. ನೀರಿನಿಂದ ತಂಪಾಗುವ ಟರ್ಬೊ ಇರುವ ಕಾರುಗಳಲ್ಲಿ, ಎಂಜಿನ್ ನಿಂತ ಮೇಲೂ ಓಡುವ ಸಣ್ಣ ವಿದ್ಯುತ್ ಪಂಪು ಇದ್ದರೆ ಇಷ್ಟು ಕಾಯಲೇಬೇಕೆಂದಿಲ್ಲ; ನನ್ನ ಕಾರಿನಲ್ಲಿ ಅದು ಇದೆ, ಆದರೂ ಕಾಯುತ್ತೇನೆ.