ಮಂಡಕ್ಕಿ ಭಟ್ಟಿಯ ಮರಳಲ್ಲಿ ಹದವಾದ ನನ್ನ ಚಾಕು

ಇದು ನಾನೇ ಮಾಡಿಕೊಂಡ ಮೂರನೇ ಚಾಕು. ಮೊದಲ ಎರಡು ಗುಜರಿಗೆ ಹೋದವು. ಇದು ಮಾತ್ರ ಎರಡು ಮಳೆಗಾಲ ಕಳೆದು ಇನ್ನೂ ನನ್ನ ಸೊಂಟದಲ್ಲಿದೆ. "ಪೇಟೆಯಲ್ಲಿ ನೂರೈವತ್ತಕ್ಕೆ ಸಿಗೋದಕ್ಕೆ ಇಷ್ಟೆಲ್ಲ ಯಾಕಪ್ಪಾ" ಅಂದವರೇ ಈಗ "ಒಂಚೂರು ಕೊಡೋ" ಅಂತ ಕೈ ಚಾಚುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ದಾವಣಗೆರೆ ಸುತ್ತಮುತ್ತ ಡ್ರಿಪ್, ಮೋಟರ್ ಪೈಪ್ ಕೂರಿಸುವ ಕೆಲಸ. 16 ಎಂಎಂ ಪೈಪ್ ಕತ್ತರಿಸಬೇಕು, ಪಿವಿಸಿಯ ಬಾಯಿ ಕೆರೆಯಬೇಕು, ಕೇಬಲ್ ಸುಲಿಯಬೇಕು. ಕಟರ್ ಬ್ಲೇಡು ಪಟಕ್ಕನೆ ಮುರಿಯುತ್ತೆ. ಮಡಚುವ ಚಾಕುವಿನ ಸಂದಿಗೆ ಮಣ್ಣು ಹೊಕ್ಕರೆ ಮುಗೀತು.

ನಾನು ಚಾಕುವಿಗೆ ತಂದದ್ದು ಹಳೇ ಓಮ್ನಿ ವ್ಯಾನಿನ ಸ್ಪ್ರಿಂಗ್ ಪ್ಲೇಟು. ಲಾರಿ ಪ್ಲೇಟು ಬೇಡ, ದಪ್ಪ ಇಳಿಸುವಷ್ಟರಲ್ಲಿ ಗ್ರೈಂಡರ್ ಡಿಸ್ಕೆಲ್ಲ ಖಾಲಿ. ತುಂಡಿಗೆ ಎಂಬತ್ತೋ ತೊಂಬತ್ತೋ ಕೊಟ್ಟ ನೆನಪು. ಕುಲುಮೆಯ ಆಚಾರ್ರು ಬಡಿದು ಕೊಟ್ಟರು. ಮೊದಲನೆಯದನ್ನು ಗಟ್ಟಿಯಾಗಲಿ ಅಂತ ಕೆಂಪಗೆ ಕಾಯಿಸಿ ನೀರು ಕುಡಿಸಿದೆವು. ಟಿಣ್ ಅಂತ ಸಣ್ಣ ಸದ್ದು. ನೋಡಿದರೆ ಬಾಯಿಯಿಂದ ಬೆನ್ನಿನವರೆಗೆ ಕೂದಲೆಳೆಯ ಬಿರುಕು. "ಹೇಳಿದ್ನಲ್ಲ ತಮ್ಮಾ, ಇದು ಎಣ್ಣೆ ಕೇಳೋ ಜಾತಿ" ಅಂದರು. ಹೇಳಿರಲಿಲ್ಲ. ಮುನ್ನೂರು ರೂಪಾಯಿ ಹೋಯ್ತು.

ಎರಡನೆಯದನ್ನು ಅಯಸ್ಕಾಂತ ಅಂಟದಷ್ಟು ಕೆಂಪಗೆ ಕಾಯಿಸಿ, ಚಳ್ಳಕೆರೆಯಿಂದ ತಂದ ಶೇಂಗಾ ಎಣ್ಣೆಯಲ್ಲಿ ಅದ್ದಿದೆವು. ಅರ ಉಜ್ಜಿದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು, ಅಷ್ಟು ಗಟ್ಟಿ. ಖುಷಿಯಲ್ಲಿ ಹಿಡಿ ಹಾಕಿಸಿ ಕೆಲಸಕ್ಕೆ ಒಯ್ದೆ. ಎರಡನೇ ದಿನವೇ ಪೈಪಿನ ತುದಿಯ ಮುಚ್ಚಳ (ಎಂಡ್ ಕ್ಯಾಪ್) ಮೀಟಲು ಹೋಗಿ ತುದಿ ಅರ್ಧ ಇಂಚು ಹಾರಿತು. ಗಟ್ಟಿಯಾದದ್ದನ್ನು ಮತ್ತೆ ಹಗುರಾಗಿ ಕಾಯಿಸಿ ಪೆಡಸು ತೆಗೆಯಬೇಕು, ಅದೇ ಹದ ಇಳಿಸೋದು; ಅದನ್ನು ಮಾಡದೇ ಅವಸರ ಮಾಡಿದ್ದೆ. ಹಿಡಿಯೂ ಸೇರಿ ಆರುನೂರು.

ಹದ ಇಳಿಸೋಣ ಅಂದರೆ ಕುಲುಮೆಯಲ್ಲಿ ತುದಿ ಒಂದು ಬಣ್ಣ, ಬುಡ ಒಂದು ಬಣ್ಣ. ಒಂದೇ ಸಮ ಶಾಖ ಎಲ್ಲಿ ಸಿಗುತ್ತೆ? ದಾವಣಗೆರೆಯಲ್ಲಿದ್ದು ಹೀಗೆ ಕೇಳಬಾರದು. ನಮ್ಮ ಭಾವನದ್ದೇ ಮಂಡಕ್ಕಿ ಭಟ್ಟಿ ಇದೆ, ಕಾದ ಮರಳಲ್ಲಿ ಹೂತರೆ ಸುತ್ತಲೂ ಶಾಖ. "ಮಂಡಕ್ಕಿ ಹುರಿಯೋ ಮರಳಲ್ಲಿ ಚಾಕು ಹುರೀತೀಯೇನೋ?" ಅಂತ ನಕ್ಕ. ಆಚಾರ್ರಂತೂ ಮುಖ ತಿರುಗಿಸಿದರು. ಭಾವ ಕೊನೆಗೆ ಎಸೆಯಬೇಕಿದ್ದ ಹಳೇ ಮರಳು ಕೊಟ್ಟ, ಅದೂ ಕೆಲಸ ಮುಗಿದ ಮೇಲೆ.

ಮೊದಲು ಪ್ಲೇಟಿನ ಚೂರೊಂದನ್ನು ಗಟ್ಟಿ ಮಾಡಿ, ಶಾಖಕ್ಕೆ ತಕ್ಕ ಬಣ್ಣ ಕಾಣಲಿ ಅಂತ ಬೆಳ್ಳಗೆ ಉಜ್ಜಿ, ಉರಿಯ ಹತ್ತಿರ ಮರಳಲ್ಲಿ ಹೂತೆ. ತೆಗೆದರೆ ನವಿಲಿನ ಕತ್ತಿನ ನೀಲಿ! ನೋಡಲು ಚೆಂದ, ಆದರೆ ಅರಕ್ಕೆ ಸಲೀಸಾಗಿ ತೇಯುತ್ತಿತ್ತು. ಶಾಖ ಮುನ್ನೂರು ಡಿಗ್ರಿ ಹತ್ತಿರ ಹೋಗಿರಬೇಕು. ಮರುದಿನ ಉರಿ ಎಳೆದ ಮೇಲೆ, ಗಟ್ಟಿ ಮಾಡಿಟ್ಟಿದ್ದ ಮೂರನೇ ಚಾಕುವನ್ನೇ ಹೂತೆ. ಈ ಸಲ ಒಣಹುಲ್ಲಿನ ಹಳದಿ, ಬೆನ್ನಿನ ಹತ್ತಿರ ಸ್ವಲ್ಪ ಕಂದು, ಅಂದರೆ ಇನ್ನೂರು ಚಿಲ್ಲರೆ. ಆರಿಸಿ ಇನ್ನೊಮ್ಮೆ ಹೂತೆ. ಮರಳಿನ ಯಾವ ಮೂಲೆ, ಎಷ್ಟು ಹೊತ್ತು ಅನ್ನೋದು ನನ್ನ ಹತ್ತಿರವೇ ಇರಲಿ. ಮೂರು ಸಂಜೆ ಕಳೆದು ಕಲಿತದ್ದು ಅದು.

ಆಮೇಲೆ ಗ್ರೈಂಡರ್ ಮುಟ್ಟಲಿಲ್ಲ. ಒಂದು ಕ್ಷಣ ಜಾಸ್ತಿ ಒತ್ತಿದರೂ ಬಾಯಿ ನೀಲಿಯಾಗಿ ಹದ ಹಾಳು. ನೀರು ಚಿಮುಕಿಸಿ ಸಾಣೆಕಲ್ಲಿನಲ್ಲೇ ಎರಡು ರಾತ್ರಿ ಕೂತೆ. ಅಲಗು ನಾಲ್ಕು ಇಂಚು, ಬೆನ್ನು ಸುಮಾರು ಮೂರು ಎಂಎಂ. ಹುಣಸೆ ಮರದ ಹಿಡಿ, ಹಿತ್ತಾಳೆ ಮೊಳೆ. ಒರೆಗೆ ಪಿವಿಸಿ ಪೈಪಿನ ತುಂಡು ಸೀಳಿ, ಬಿಸಿ ಮಾಡಿ, ಚಾಕುವಿನ ಮೇಲೆ ಬಟ್ಟೆ ಸುತ್ತಿ ಒತ್ತಿದೆ. ಅದಕ್ಕೆ ಪೈಸೆ ಖರ್ಚಿಲ್ಲ. ಮೂರೂ ಚಾಕು ಸೇರಿ ಒಟ್ಟು ಸಾವಿರದ ಏಳುನೂರು ಆಗಿರಬಹುದು. ಮನೆಯಲ್ಲಿ ಸಾವಿರ ಅಂತ ಹೇಳಿದ್ದೇನೆ.

ಮಧ್ಯೆ ಸುಮ್ನೆ ಇನ್ನೊಂದು ಪ್ರಯೋಗ. ಮೊದಲ ಮಳೆಗಾಲದಲ್ಲಿ ತುಕ್ಕು ಬಂತು. ಚನ್ನಗಿರಿಯ ಅತ್ತೆ ಮನೆಯಲ್ಲಿ ಅಡಿಕೆ ಬೇಯಿಸುವಾಗ ಕೈಗೆ ಅಂಟಿದ ಚೊಗರು ಚಾಕುವಿಗೂ ತಾಗಿ, ಅಷ್ಟು ಜಾಗ ಕಪ್ಪಾಗಿತ್ತು. ಹಾಗಾದರೆ ಪೂರ್ತಿ ಅದ್ದೋಣ ಅಂತ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ನೇರಳೆ ಹಣ್ಣಿನ ಹಾಗೆ ಕಪ್ಪು! ಆಮೇಲೆ ತುಕ್ಕು ಬಹಳ ಕಡಿಮೆ. ಬಾಯಿ ಮಾತ್ರ ಮೊಂಡಾಗಿತ್ತು, ಮತ್ತೆ ಸಾಣೆ. ಹುಣಸೆ ಹುಳಿಯಲ್ಲೂ ನೋಡಿದೆ, ಬೂದು ಬಣ್ಣ ಬಂತು, ಅಷ್ಟೇನೂ ಚೆನ್ನಾಗಿಲ್ಲ.

ಈಗ ವಾರಕ್ಕೊಮ್ಮೆ ಕಲ್ಲು, ದಿನಾ ಸಂಜೆ ಹಳೇ ಬೆಲ್ಟಿನ ಮೇಲೆ ಹತ್ತು ಸಲ ಉಜ್ಜು. ಬೇಸಿಗೆಯಲ್ಲಿ ಹಿಡಿ ಒಣಗಿ ಒಂದು ಮೊಳೆ ಕೂದಲಷ್ಟು ಅಲ್ಲಾಡುತ್ತೆ. ಅದಕ್ಕೆ ದಾರಿ ಹುಡುಕುತ್ತಿದ್ದೇನೆ. ಅಂದ ಹಾಗೆ, ಆಚಾರ್ರು ಮೊನ್ನೆ ಭಾವನ ಭಟ್ಟಿ ಎಲ್ಲಿ ಬರುತ್ತೆ ಅಂತ ಕೇಳಿದರು.